ಬಚ್ಚಲಮನೆಗೆ ಶಾಸಕರು

ಶಾಸಕರನ್ನು ಸಂಪರ್ಕಿಸುವುದು ಬಹಳ ಸುಲಭ. ಪೌರನೀತಿಯ ಮಾಸ್ತರನಾಗಿ ನಾನು ಇದನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಎಡಕ್ಕೆ ಪ್ರಜೆ, ಬಲಕ್ಕೆ ಶಾಸಕರು, ನಡುವೆ ಒಂದು ಬಾಣ. ಆ ಬಾಣ ಎಳೆಯಲು ಸೀಮೆಸುಣ್ಣದ ಚೂರು ಸಾಕು!

ಬಾಣದ ಮೇಲೆ ನಾನೇ ನಡೆದು ಹೋಗುವ ಪ್ರಸಂಗ ನಿವೃತ್ತಿಯ ನಂತರ ಬಂತು.

ಹುಟ್ಟಿದ್ದು, ನೌಕರಿ ಮಾಡಿದ್ದು ಗಜೇಂದ್ರಗಡದಲ್ಲಿ. ನಿವೃತ್ತನಾದ ಮೇಲೆ ಹೆಂಡತಿ ಗಿರಿಜಾಳ ತವರೂರಿಗೆ ಬಂದು ನೆಲೆಸಿದೆ. ಹೊಳೆಆಲೂರಿನ ಹತ್ತಿರದ ಸಣ್ಣ ಊರು. ಊರ ಬಾಯಿಗೆ ಒಂದು ಹಳ್ಳ, ಹಳ್ಳಕ್ಕೊಂದು ಮೋಟು ಸೇತುವೆ. ಮಲಪ್ರಭೆ ಉಕ್ಕಿದಾಗ ಹಿನ್ನೀರು ಹಳ್ಳಕ್ಕೆ ನುಗ್ಗಿ ಸೇತುವೆಯ ನಡು ಮುರಿಯಿತು. ಅಂದಿನಿಂದ ರೋಣದ ಬಸ್ಸು ಊರೊಳಗೆ ಬರುವುದನ್ನು ಬಿಟ್ಟು, ದೂರದ ಡಾಂಬರು ರಸ್ತೆಯಲ್ಲೇ ಜನರನ್ನು ಇಳಿಸಿ ಹೋಗತೊಡಗಿತು. ಅಲ್ಲಿಂದ ಊರಿಗೆ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಒಂದೊಂದು ಚಪ್ಪಲಿಯೂ ಹೊಲದ ಪಹಣಿ ಸಮೇತ ಮೇಲೇಳುತ್ತದೆ.

ಪಕ್ಕದ ಮನೆಯ ಇಮಾಮಸಾಬ ಬಡಿಗತನದವರು. ಅವರ ಮಗಳು ರೇಷ್ಮಾ ರೋಣದ ಕಾಲೇಜಿಗೆ ಹೋಗುತ್ತಾಳೆ. ಆಗಷ್ಟೇ ಕಟ್ಟಿಸಿದ್ದ ನಮ್ಮ ಹೊಸ ಬಚ್ಚಲಮನೆಗೆ ಬಾಗಿಲು ಕೂರಿಸುತ್ತ ಇಮಾಮಸಾಬ ಒಂದು ಮಾತು ಹೇಳಿದರು.

"ಮಾಸ್ತರ, ದೀಪಾವಳಿ ಸೂಟಿ ಮುಗಿಯೂದ್ರಾಗ ಬಸ್ಸು ಊರೊಳಗ ಬಂದ್ರ ಕಾಲೇಜು. ಇಲ್ಲಾಂದ್ರ ಮನ್ಯಾಗ ಹೊಲಿಗಿ ಮಷಿನ್ನು. ಹೊತ್ತು ಮುಳುಗಿದ ಮ್ಯಾಲ ಹುಡಿಗಿ ಒಬ್ಬಾಕಿನ ಅಷ್ಟು ದೂರ ನಡದು ಬರೂದು ನನ್ನ ಜೀವಕ್ಕ ತಡಿಯೂದಿಲ್ರಿ."

ರೇಷ್ಮಾ ಅಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಪುಸ್ತಕವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಗಿರಿಜಾ ನನ್ನ ಕಡೆ ನೋಡಿದಳು.

"ಇಷ್ಟೇನ? ನಾಳೀನ ಶಾಸಕರಿಗೆ ಹೇಳ್ತೇನಿ!" ಎಂದೆ.

"ಹೋಗೂಕಿಂತ ಮೊದಲ ಯಾರನ್ನರ ಒಂದು ಮಾತು ಕೇಳಿ ಹೋಗ್ರಿ," ಎಂದಳು ಗಿರಿಜಾ.

"ನನಗ ಪೌರನೀತಿ ಕಲಿಸಬ್ಯಾಡ!"

ಅವಳು ಸುಮ್ಮನಾದಳು. ಲೋಕದ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೆಂಡತಿ ಸುಮ್ಮನಾದಾಗಲೇ ಶುರುವಾಗುತ್ತವೆ.

ಮೊದಲು ಫೋನು. ಮೊಬೈಲಿನಲ್ಲಿ ಹುಡುಕಿ ಒಂದು ನಂಬರು ತೆಗೆದೆ. ಯಾರು ಹಾಕಿದ್ದೋ, ಯಾವ ಕಾಲದ್ದೋ. ಎತ್ತಿದವರಿಗೆ ಉಸಿರಾಡಲೂ ಬಿಡದೆ, "ಸನ್ಮಾನ್ಯರೇ, ಪ್ರಜಾಪ್ರಭುತ್ವದಲ್ಲಿ ಸೇತುವೆಯ ಮಹತ್ವವನ್ನು ತಾವು ಬಲ್ಲಿರಿ," ಎಂದು ಶುರುಮಾಡಿದೆ. ಆ ಕಡೆಯವರು ಪೂರ್ತಿ ಕೇಳಿದರು. ಅವರ ತಾಳ್ಮೆಯನ್ನು ಮೆಚ್ಚಬೇಕು. ಆಮೇಲೆ ಹೇಳಿದರು:

"ಸೇತುವಿ ಇಲ್ರಿ ನಮ್ಮಲ್ಲಿ. ಗಿರ್ಮಿಟ್ ಐತಿ, ಮಿರ್ಚಿ ಐತಿ. ಎಷ್ಟು ಪ್ಲೇಟ್ ಕಟ್ಟಿಸ್ಲಿ?"

ಫೋನಿನಲ್ಲಿ ಪ್ರಜಾಪ್ರಭುತ್ವ ನಡೆಯುವುದಿಲ್ಲ ಎಂದು ಗೊತ್ತಾಯಿತು. ಖುದ್ದಾಗಿ ಹೋಗಲು ತೀರ್ಮಾನಿಸಿದೆ. ನಮ್ಮದು ರೋಣ ತಾಲ್ಲೂಕು. ತಾಲ್ಲೂಕು ರೋಣ ಎಂದ ಮೇಲೆ ಶಾಸಕರೂ ರೋಣದವರೇ. ಇದರಲ್ಲಿ ಯಾರನ್ನು ಕೇಳುವುದು, ಏನನ್ನು ಕೇಳುವುದು? ಶಾಲು, ಹಾರ, ಮನವಿ ಪತ್ರ ಹಿಡಿದು ರೋಣದ ಬಸ್ಸು ಹತ್ತಿದೆ.

ಅಲ್ಲಿ ಶಾಸಕರನ್ನು ಕಾಣಲು ಬಂದವರ ದೊಡ್ಡ ಸಾಲು. ಎಲ್ಲರ ಕೈಯಲ್ಲೂ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಮನವಿ ಹಿಡಿದವನು ನಾನೊಬ್ಬನೇ. ಸಾಲು ಮುಂದೆ ಸರಿದು ಸರಿದು ಕೊನೆಗೆ ಆಪ್ತ ಸಹಾಯಕರ ಮೇಜಿನ ಮುಂದೆ ನನ್ನನ್ನು ನಿಲ್ಲಿಸಿತು. ಕಿವಿಯಲ್ಲೊಂದು ಫೋನು, ಕೈಯಲ್ಲೊಂದು ಫೋನು, ಆದರೂ ನನ್ನನ್ನು ನೋಡಿ ನಕ್ಕ ಸಜ್ಜನ.

"ಲಗ್ನನೋ, ತೊಟ್ಟಿಲೋ, ಮಣ್ಣೋ?"

ಇಲ್ಲಿ ನನ್ನ ನೆನಪು ಒಂದು ಒಳ್ಳೆಯ ದೃಶ್ಯವನ್ನು ಸಿದ್ಧಪಡಿಸಿ ಇಟ್ಟಿದೆ. ಅದರಲ್ಲಿ ನಾನು ಎದೆಯೆತ್ತಿ ಮನವಿಯನ್ನು ಓದುತ್ತೇನೆ, ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟುತ್ತಾರೆ. ನೆನಪಿಗೆ ಇಂಥ ಚಟವಿದೆ, ನಂಬಬೇಡಿ. ನಿಜವಾಗಿ ಮನವಿ ನನ್ನ ಜೇಬಿನಿಂದ ಹೊರಗೇ ಬರಲಿಲ್ಲ. ಹಿಂದಿನವರು ನೂಕುತ್ತಿದ್ದರು. ಕಾರ್ಯಕ್ರಮವಿದ್ದರೆ ಶಾಸಕರು ಊರಿಗೇ ಬರುತ್ತಾರೆ, ಊರಿಗೆ ಬಂದರೆ ಹಳ್ಳ ದಾಟಲೇಬೇಕು, ದಾಟುವಾಗ ಮುರಿದ ಸೇತುವೆ ಕಾಣಲೇಬೇಕು! ಈ ತರ್ಕ ನನ್ನ ತಲೆಯಲ್ಲಿ ಮಿಂಚಿತು. ಲಗ್ನಕ್ಕೆ ಮಕ್ಕಳಿಲ್ಲ, ತೊಟ್ಟಿಲಿಗೆ ಮೊಮ್ಮಕ್ಕಳಿಲ್ಲ, ಮಣ್ಣಿಗೆ ನಾನು ತಯಾರಿಲ್ಲ.

"ವಾಸ್ತುಶಾಂತಿ ರೀ," ಎಂದು ಬಾಯಿಗೆ ಬಂದ ತಾರೀಖು ಹೇಳಿದೆ.

"ಹೊಸ ಮನಿ! ಶುಭ ಆತು. ಯಾವ ತಾಲ್ಲೂಕು?"

"ರೋಣ."

"ನಮ್ಮ ಮತದಾರರ ಹೌದಲ್ರಿ?"

"ಹೌದ್ರಿ! ಗಜೇಂದ್ರಗಡದ ಬೂತಿನಾಗ. ಒಂದು ಸಲಾನೂ ತಪ್ಪಿಸಿಲ್ರಿ." ಊರು ಬಿಟ್ಟು ಬಂದರೂ ನನ್ನ ಓಟನ್ನು ನಾನು ಕಿತ್ತು ತಂದಿರಲಿಲ್ಲ. ಅದು ಅಲ್ಲೇ ಬೇರು ಬಿಟ್ಟಿತ್ತು.

"ಬರ್ಕೊಂಡೇನಿ ನೋಡ್ರಿ. ಪತ್ರಿಕಿ ಆಮ್ಯಾಲ ಮೊಬೈಲಿಗೆ ಹಾಕ್ರಿ. ಮುಂದಿನವರು ಬರ್ರಿ!"

ನನ್ನ ಕರಿಹಲಗೆಯ ಬಾಣ ಇಷ್ಟು ಸಲೀಸಾಗಿ ಗುರಿ ಮುಟ್ಟೀತೆಂದು ನಾನೂ ಎಣಿಸಿರಲಿಲ್ಲ.

ಮನೆಗೆ ಬಂದು, "ಶಾಸಕರು ನಮ್ಮ ಮನಿ ವಾಸ್ತುಶಾಂತಿಗೆ ಬರ್ತಾರ!" ಎಂದೆ.

ಗಿರಿಜಾ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. "ಯಾವ ಮನಿ?"

"ಅಂದ್ರ... ಬಚ್ಚಲಮನಿ."

"ಬಚ್ಚಲಕ್ಕ ವಾಸ್ತುಶಾಂತಿ!"

"ಅದೂ ಮನೀನ ಅಲ್ಲೇನು? ಪಾಯಖಾನಿ ಬ್ಯಾರೆ ಜೋಡಿಗೇ ಐತಿ."

ಆಗ ಅವಳು ಹೇಳಿದ್ದನ್ನು ಇಲ್ಲಿ ಬರೆದಿದ್ದೆ. ಅವಳೇ ಓದಿ ಹೊಡೆದುಹಾಕಿದ್ದಾಳೆ.

ಆದರೆ ಸುದ್ದಿ ಅಷ್ಟರಲ್ಲಿ ಕಟ್ಟೆಗೆ ತಲುಪಿತ್ತು. ಶಾಸಕರು ಬರುತ್ತಾರೆ! ಯಾವ ಶಾಸಕರು ಎಂದು ಊರಿನ ಒಬ್ಬನೂ ನನ್ನನ್ನು ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಒಬ್ಬರಿದ್ದರು, ನನ್ನ ಮನಸ್ಸಿನಲ್ಲಿ ಇನ್ನೊಬ್ಬರಿದ್ದರು. ಎರಡೂ ಕಡೆ ಸಂಪೂರ್ಣ ವಿಶ್ವಾಸವಿತ್ತು. ಮನೆಯ ಮುಂದೆ ಪೆಂಡಾಲು ಎದ್ದಿತು. ಹಲಗೆ ಬಾರಿಸುವವರಿಗೆ ಹೇಳಿದ್ದಾಯಿತು. ಇಮಾಮಸಾಬ ಬಚ್ಚಲದ ಬಾಗಿಲಿಗೆ ಎರಡು ಗುಲಾಬಿ ಹೂವು ಕೆತ್ತಿಕೊಟ್ಟರು. "ಶಾಸಕರು ಕೈ ಹಚ್ಚೂ ಬಾಗಲ, ಸಾದಾ ಇದ್ರ ನಡಿಯೂದಿಲ್ರಿ," ಎಂದರು. ಮಗಳ ಕಾಲೇಜು ಆ ಬಾಗಿಲಿನ ಮೇಲೆ ನಿಂತಿದೆ ಎಂಬಂತೆ ಉಜ್ಜಿ ಉಜ್ಜಿ ಪಾಲಿಶ್ ಹೊಡೆದರು.

ಹಿಂದಿನ ದಿನ ಮುಂಜಾನೆ ಹಳ್ಳದ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಓಡಿದೆ. ನೋಡಿದರೆ ಎದೆ ಒಡೆಯಿತು. ಪಂಚಾಯಿತಿಯವರು ಸೇತುವೆ ದುರಸ್ತಿ ಮಾಡುತ್ತಿದ್ದರು!

ಸೇತುವೆಗೆಂದು ಬಂದ ಸಿಮೆಂಟು ಪೈಪುಗಳು ಪಂಚಾಯಿತಿ ಹಿತ್ತಲಲ್ಲಿ ಆದೇಶದ ದಾರಿ ಕಾಯುತ್ತ ಬಿದ್ದಿದ್ದವು. ನಾಯಿಗಳು ಅವುಗಳೊಳಗೆ ಮರಿ ಹಾಕಿ, ಆ ಮರಿಗಳೂ ದೊಡ್ಡವಾಗಿ ಬೊಗಳುವುದನ್ನು ಕಲಿತಿದ್ದವು. ಈಗ ಆ ಪೈಪುಗಳು ಹಳ್ಳಕ್ಕೆ ಇಳಿದಿದ್ದವು. ಮೇಲೆ ಕಲ್ಲು, ಗರಸು ಮಣ್ಣು. ಊರ ಗಂಡಸರೆಲ್ಲ ಬುಟ್ಟಿ ಹಿಡಿದು ನಿಂತಿದ್ದರು.

"ನಿಲ್ಸ್ರಿ!" ಎಂದು ಕೂಗಿದೆ. "ಅದನ್ನ ಮುಟ್ಟಬ್ಯಾಡ್ರಿ! ಮುರದದ್ದನ್ನ ಶಾಸಕರು ನೋಡಬೇಕು!"

"ಶಾಸಕರ ಗಾಡಿ ಹಳ್ಳದಾಗ ಸಿಕ್ಕೊಂಡ್ರ ಊರಿನ ಮರ್ಯಾದಿ ಏನಾಗಬೇಕ್ರಿ ಮಾಸ್ತರ?" ಎಂದರು ಪಂಚಾಯಿತಿ ಅಧ್ಯಕ್ಷರು.

ಟ್ರ್ಯಾಕ್ಟರಿಗೆ ಅಡ್ಡ ನಿಂತೆ. ಕೈ ಎರಡೂ ಅಗಲ ಮಾಡಿ. ಊರಿಗೆ ಬಂದ ಮೇಲೆ ನಾನು ಮಾಡಿದ ಏಕೈಕ ಸಾರ್ವಜನಿಕ ಹೋರಾಟ ಅದು: ಸೇತುವೆ ಆಗಬಾರದೆಂದು!

ಬುಟ್ಟಿ ಇಳಿಸಿ ಇಮಾಮಸಾಬ ಹತ್ತಿರ ಬಂದರು. ಬೆವರು ಒರೆಸಿಕೊಂಡರು.

"ಮಾಸ್ತರ, ಸೇತುವಿ ಆಗ್ಲಿ ಅಂತ ಶಾಸಕರ್ನ ಕರದ್ರಿ. ಈಗ ಸೇತುವಿ ಆಗಾಕತ್ತೈತಿ, ನೀವು ಅಡ್ಡ ನಿಂತೀರಿ. ನಿಮಗ ಬೇಕಾದ್ದರ ಏನು, ಖರೇ ಹೇಳ್ರಿ."

"ಶಾಸಕರು!" ಎಂದುಬಿಟ್ಟೆ.

ಬಸ್ಸು ಮರೆತುಹೋಗಿತ್ತು. ರೇಷ್ಮಾಳೂ ಮರೆತುಹೋಗಿದ್ದಳು. ಇಮಾಮಸಾಬ ಜಗಳ ಮಾಡಲಿಲ್ಲ. ನನ್ನನ್ನು ರಟ್ಟೆ ಹಿಡಿದು, ಬಾಗಿಲಿನ ಹಲಗೆ ಸರಿಸಿದಷ್ಟೇ ಮೆತ್ತಗೆ ಬದಿಗೆ ಸರಿಸಿದರು. ಟ್ರ್ಯಾಕ್ಟರು ಮುಂದೆ ಹೋಯಿತು.

ಮರುದಿನ ಸಂಜೆ. ಪೆಂಡಾಲು ತುಂಬಿತ್ತು. ಹೋಳಿಗೆ ಬುಟ್ಟಿಗಳಲ್ಲಿ ರಾಶಿ ಬಿದ್ದಿತ್ತು. ಬಚ್ಚಲದ ಬಾಗಿಲಿಗೆ ಕೆಂಪು ರಿಬ್ಬನ್, ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿ. ನನ್ನ ಫೋನು ಹೊಡೆದುಕೊಂಡಿತು. ಆಪ್ತ ಸಹಾಯಕರು.

"ಮಾಸ್ತರ, ಪತ್ರಿಕಿ ಈಗ ತಗದು ನೋಡಿದ್ನಿ. ನಿಮ್ಮೂರು ಹೊಳಿಆಲೂರ ಹೋಬಳಿಯಾಗ ಬರತೈತಲ್ರಿ?"

"ಹೌದ್ರಿ, ರೋಣ ತಾಲ್ಲೂಕು!"

"ತಾಲ್ಲೂಕಿಗೆ ರೋಣ ಖರೇ. ಓಟಿಗೆ ನರಗುಂದ. ನೀವು ಕರಿಬೇಕಾದದ್ದು ಅಲ್ಲಿನ ಶಾಸಕರನ್ನ. ಅವರಿಗೆ ಹೇಳದೆ ನಮ್ಮ ಸಾಹೇಬ್ರು ಅವರ ಕ್ಷೇತ್ರದಾಗ ಕಾರ್ಯಕ್ರಮಕ್ಕ ಬಂದ್ರ ಚಲೋ ಕಾಣೂದಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ. ಹೊಸ ಮನಿ ನಿಮಗ ಒಳ್ಳೇದು ಮಾಡ್ಲಿ!"

ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪೆಲ್ಲ ಪೌರನೀತಿಯ ಮಾಸ್ತರನ ಕಡೆಗೇ ಇತ್ತು.

"ಏನಂದ್ರು?" ಗಿರಿಜಾ ಕೇಳಿದಳು. ಹೇಳಿದೆ.

"ಅಯ್ಯ! ನೀವು ಹೋಗಿದ್ದು ರೋಣಕ್ಕ? ನಾ ನರಗುಂದಕ್ಕ ಹೋಗಿ ಬಂದೀರಿ ಅಂತ ತಿಳ್ಕೊಂಡಿದ್ನಿ! ಈ ಊರಾಗ ಎಮ್ಮಿ ಕಾಯೂ ಹುಡುಗರಿಗೂ ಗೊತ್ತೈತಿ, ನಮ್ಮದು ನರಗುಂದ ಕ್ಷೇತ್ರ ಅಂತ!"

"ಮೊದಲ ಹೇಳಬಾರದೇನು?"

"ಪೌರನೀತಿ ಕಲಿಸಬ್ಯಾಡ ಅಂದಾವರು ಯಾರು?"

ಜನರಿಗೆ ಹೇಳಲೇಬೇಕು. ಕುರ್ಚಿಯ ಮೇಲೆ ಹತ್ತಿ, "ಮಹನೀಯರೇ, ಸಂವಿಧಾನಾತ್ಮಕ ಕಾರಣಗಳಿಂದಾಗಿ..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹಳ್ಳದ ಕಡೆಯಿಂದ ದೊಡ್ಡ ಹಾರ್ನ್! ಧೂಳೆದ್ದಿತು. "ಬಂದ್ರು! ಬಂದ್ರು!" ಎಂದು ಪೆಂಡಾಲು ಎದ್ದು ನಿಂತಿತು. ಹಲಗೆ ಬಡಿಯತೊಡಗಿತು. ಪಟಾಕಿ ಸರ ಸಿಡಿಯಿತು. ಅಧ್ಯಕ್ಷರು ಹಾರ ಹಿಡಿದು, ನಾನು ಶಾಲು ಹಿಡಿದು ಓಡಿದೆವು. ನಾನೇಕೆ ಓಡಿದೆ? ಶಾಸಕರು ಬರುವುದಿಲ್ಲವೆಂದು ಗೊತ್ತಿದ್ದವನು ಇಡೀ ಊರಿನಲ್ಲಿ ಗಿರಿಜಾಳನ್ನು ಬಿಟ್ಟರೆ ನಾನೊಬ್ಬನೇ ಅಲ್ಲವೆ? ಇದಕ್ಕೆ ಈವರೆಗೂ ಉತ್ತರ ಸಿಕ್ಕಿಲ್ಲ.

ಧೂಳಿನೊಳಗಿಂದ ಹೊರಬಂದದ್ದು ರೋಣದ ಬಸ್ಸು.

ಹಾರ ಆಗಲೇ ಗಾಳಿಯಲ್ಲಿತ್ತು. ಕೆಳಗಿಳಿದ ಚಾಲಕರ ಕೊರಳಿಗೆ ಬಿತ್ತು. ಶಾಲನ್ನು ನಾನೇ ಹೊದಿಸಿದೆ. ಹಲಗೆಯವರು ಬಾರಿಸುತ್ತಲೇ ಇದ್ದರು.

"ಏನ್ರಿ ಇದು? ನಾ ಏನು ಮಾಡೇನ್ರಿ?" ಎಂದರು ಚಾಲಕರು, ಹೆದರಿ.

ಅವರ ಹಿಂದೆ ರೇಷ್ಮಾ ಇಳಿದಳು. ಚಪ್ಪಲಿಗೆ ಚೂರೂ ಮಣ್ಣಿರಲಿಲ್ಲ.

"ಅಬ್ಬಾ, ಸೇತುವಿ ಗಟ್ಟಿ ಆಗೈತಿ, ಒಳಗ ಬರ್ರಿ ಅಂತ ನಾನ ಹೇಳಿದ್ನಿ. ಡ್ರೈವರ್ ಕಾಕಾ ಇಳದು, ಕಾಲಿಲೆ ಒದ್ದು ನೋಡಿ ಹೊಡ್ಕೊಂಡು ಬಂದ್ರು," ಎಂದಳು ಅಪ್ಪನಿಗೆ.

ಇಮಾಮಸಾಬ ಬಸ್ಸನ್ನು ನೋಡಿದರು. ಮಗಳನ್ನು ನೋಡಿದರು. ಚಾಲಕರನ್ನು ಕೇಳಿದರು: "ದಿನಾ ಬರ್ತೀರೇನ್ರಿ?"

ಇಡೀ ಪೆಂಡಾಲು ಚಾಲಕರ ಬಾಯನ್ನೇ ನೋಡಿತು. ಅವರ ಮುಖದಲ್ಲಿ ಏನೋ ಸಂಕಟ. ಗಿರಿಜಾಳ ಹತ್ತಿರ ಸರಿದು ಪಿಸುಮಾತಿನಲ್ಲಿ, "ಅಕ್ಕಾರ, ರೋಣದಿಂದ ತಡಕೊಂಡು ಬಂದೇನ್ರಿ. ಇಲ್ಲೆಲ್ಲರ ಪಾಯಖಾನಿ...?" ಎಂದರು.

ಗಿರಿಜಾ ಕೈ ತೋರಿಸಿದಳು. ಹಾರ, ಶಾಲು ಸಮೇತ ಚಾಲಕರು ಓಡಿದರು. ರಿಬ್ಬನ್ ಅಡ್ಡ ಬಂತು. ಕತ್ತರಿಗೆ ವೇಳೆ ಇರಲಿಲ್ಲ, ಎದೆಯಿಂದಲೇ ಹರಿದು ಒಳಗೆ ಹೋದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಬಚ್ಚಲಮನೆಯ ಉದ್ಘಾಟನೆ ಹೀಗೆ ಅತ್ಯಂತ ಪ್ರಾಮಾಣಿಕವಾಗಿ ನೆರವೇರಿತು!

ಹೊರಬಂದ ಚಾಲಕರು ಬೇರೆಯೇ ಮನುಷ್ಯರಾಗಿದ್ದರು. ಗುಲಾಬಿ ಹೂವಿನ ಮೇಲೆ ಕೈಯಾಡಿಸಿದರು.

"ದಿನಾ ಬರ್ತೇನ್ರಿ. ಈ ರೂಟಿನಾಗ ಇಷ್ಟು ಚಲೋ ಪಾಯಖಾನಿ ಎಲ್ಲೂ ಇಲ್ಲ!"

ಇಮಾಮಸಾಬ ಮಗಳ ಕೈಯಿಂದ ಪುಸ್ತಕದ ಚೀಲ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. "ನಡಿ, ಹೋಳಿಗಿ ಉಣ್ಣು. ನಾಳಿ ಕಾಲೇಜಿಗೆ ಲಗೂ ಏಳಬೇಕು," ಎಂದರು. ಶಾಸಕರು ಬರಲಿಲ್ಲವೆಂದು ಆ ಸಂಜೆ ಯಾರಿಗೂ ನೆನಪಾಗಲಿಲ್ಲ. ನೆನಪು ಮಾಡಿಕೊಡಲು ನಾನು ಮೂರ್ಖನಲ್ಲ.

ಚಾಲಕರು ಮಾತಿಗೆ ತಪ್ಪುವವರಲ್ಲ. ಬಸ್ಸು ಪ್ರತಿ ಸಂಜೆ ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ. ಮೊದಲು ಚಾಲಕರು, ಆಮೇಲೆ ನಿರ್ವಾಹಕರು, ಅವರ ಹಿಂದೆ ತುರ್ತು ಇದ್ದ ಪ್ರಯಾಣಿಕರು. ಮುಖ ತೊಳೆಯುವವರೂ ಇದ್ದಾರೆ. ಗಿರಿಜಾ ಎಲ್ಲರಿಗೂ ನೀರು ಕಾಯಿಸಿ ಇಡುತ್ತಾಳೆ, ನನಗೆ ಬಿಟ್ಟು.

ಮೊನ್ನೆ ಧೈರ್ಯ ಮಾಡಿ, ಬಸ್ಸು ಬರುವುದಕ್ಕೆ ಮೊದಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡು ಸ್ನಾನಕ್ಕೆ ಕೂತೆ. ಮೈಗೆಲ್ಲ ಸಬಕಾರ ಹಚ್ಚಿಕೊಂಡಿದ್ದೆ. ಹೊರಗೆ ಸೀಟಿ ಊದಿತು. ನಿರ್ವಾಹಕರು ಬಾಗಿಲು ಬಡಿದರು:

"ಯಾರ್ರೀ ಒಳಗ? ಲಗೂ ಹೊರಗ ಬರ್ರಿ, ಬಸ್ಸು ಬಿಡೂ ಹೊತ್ತಾತು! ಎಲ್ಲಿಗೆ ಹೋಗಾವರು ನೀವು?"

"ಎಲ್ಲಿಗೂ ಇಲ್ರಿ. ಇದು ನನ್ನ ಮನಿ," ಎಂದೆ.

"ಹಂಗಿದ್ರ ನಿಮಗೇನು ಅವಸರ? ಟಿಕೆಟ್ ತಗೊಂಡಾವರು ಮೊದಲ ಹೋಗ್ಲಿ!"

ವಾದದಲ್ಲಿ ನ್ಯಾಯವಿತ್ತು. ಟವೆಲ್ಲು ಸುತ್ತಿಕೊಂಡು ಹೊರಗೆ ಬಂದು, ಕಿವಿಯಲ್ಲಿ ನೊರೆ ಇಟ್ಟುಕೊಂಡು ಸಾಲಿನ ಕೊನೆಗೆ ನಿಂತೆ.