ದೊಡ್ಡಮ್ಮನ ಕಿವಿ ಮತ್ತು ಜೆಟ್ ವಿಮಾನ

ನಮ್ಮ ದೊಡ್ಡಮ್ಮ ಸಿರುಗುಪ್ಪದಲ್ಲಿ ಕೂತು ಗುಟ್ಟು ಹೇಳಿದರೆ ಕುರುಗೋಡಿನವರು ತಲೆಯಾಡಿಸುತ್ತಾರೆ. ಉತ್ಪ್ರೇಕ್ಷೆ ಎನ್ನುತ್ತೀರಾ? ಸ್ವಲ್ಪ ತಾಳಿ, ಕುರುಗೋಡಿನ ಸಾಕ್ಷಿಯನ್ನೇ ಕರೆತರುತ್ತೇನೆ.

ಅವಳ ಗಂಟಲನ್ನು ಈ ಮಟ್ಟಕ್ಕೆ ತಯಾರು ಮಾಡಿದ್ದು ದೊಡ್ಡಪ್ಪನ ರೈಸ್ ಮಿಲ್. ಮನೆಗೂ ಮಿಲ್ಲಿಗೂ ಒಂದೇ ಗೋಡೆ. ಮಿಲ್ ಓಡುವಾಗ ಒಂದು ಲೋಟ ನೀರು ಕೇಳಬೇಕಾದರೂ ಜಗಳಕ್ಕೆ ನಿಂತವರ ಹಾಗೆ ಕೂಗಬೇಕು. ದೊಡ್ಡಪ್ಪ ತೀರಿಕೊಂಡ ಮೇಲೆ ಮಿಲ್ ನಿಂತಿತು. ಅಷ್ಟು ಹೊತ್ತಿಗೆ ದೊಡ್ಡಮ್ಮನ ಕಿವಿಗಳೂ ನಿಂತುಹೋಗಿದ್ದವು. ಗಂಟಲು ಮಾತ್ರ ಇವತ್ತಿಗೂ ಫುಲ್ ಸ್ಪೀಡಿನಲ್ಲಿ ಓಡುತ್ತಿದೆ!

ಹಾಗಂತ ಒಪ್ಪಿಕೊಳ್ಳುತ್ತಾಳೆಯೇ? "ನನ್ನ ಕಿವಿ ನೆಟ್ಟಗ ಅದಾವು. ನೀವೇ ಉಪಾಸ ಬಿದ್ದೋರಂಗ ಮಾತಾಡ್ತೀರಿ" ಎನ್ನುತ್ತಾಳೆ. ನಾವು ತಂದುಕೊಟ್ಟ ಕಿವಿಯ ಮಿಷನ್ನು ದೇವರ ಜಗಲಿಯ ಮೇಲೆ ನಂದಿಯ ಪಕ್ಕ ಕೂತು ದಿನಾ ವಿಭೂತಿ ಹಚ್ಚಿಸಿಕೊಳ್ಳುತ್ತದೆ. ಫೋನಿನಲ್ಲಂತೂ ಎರಡೂ ಕಡೆಯ ಮಾತು ಅವಳದೇ. "ಊಟ ಆತೇನಲೇ? ಆಗಿರ್ತೈತಿ ಬಿಡು. ಹೆಂಡ್ತಿ ಆರಾಮ ಅದಾಳೇನು? ಆಕಿಗೇನಾಗ್ತೈತಿ! ಇಡ್ತೀನಿ." ನಾನು ಹಲೋ ಅನ್ನುವಷ್ಟರಲ್ಲಿ ಸಂಭಾಷಣೆ ಮುಗಿದಿರುತ್ತದೆ.

ಈ ಸಲ ಬಳ್ಳಾರಿಯಲ್ಲಿ ವಾಯುಪಡೆಯ ವಿಮಾನಗಳ ಆಟ ಇದೆ ಎಂದು ಗೊತ್ತಾದಾಗ ನಾನು ಹೆಂಡತಿಯ ಜೊತೆ ಸಿರುಗುಪ್ಪಕ್ಕೆ ಹೋಗಿದ್ದೆ. ಅವಳ ಕಿವಿಯ ಹತ್ತಿರ ಬಾಯಿಟ್ಟು, "ದೊಡ್ಡಮ್ಮಾ, ನೋಡಾಕ ಬರ್ತೀಯೇನು? ಎದಿ ಒಡಿಯೋ ಅಷ್ಟು ಸಪ್ಪಳಂತ!" ಎಂದು ಕೂಗಿದೆ.

ದೊಡ್ಡಮ್ಮ ನನ್ನನ್ನೇ ನೋಡಿದಳು. "ಅದರ ಸಪ್ಪಳ ನನಗ ಕೇಳ್ತೈತೇನಲೇ?"

ಕಿವಿ ನೆಟ್ಟಗಿರುವವರು ಕೇಳುವ ಪ್ರಶ್ನೆಯೇ ಇದು? ನಗಬೇಕೆಂದಿದ್ದವನು ಅವಳ ಮುಖ ನೋಡಿ ಹೂಂ ಎಂದು ತಲೆಯಾಡಿಸಿಬಿಟ್ಟೆ. ಬಳ್ಳಾರಿಗೆ ಬರುವವರೆಗೂ ಬಸ್ಸಿನಲ್ಲಿದ್ದವರಿಗೆಲ್ಲ ಅವಳು, "ವಿಮಾನದ ಸಪ್ಪಳ ಕೇಳಾಕ ಹೊಂಟೀನಿ" ಎಂದು ಸಾರಿದಳು. ಎಲ್ಲರೂ ನೋಡಲು ಹೊರಟಿದ್ದರೆ ಇವಳೊಬ್ಬಳು ಕೇಳಲು! ಕೇಳಿಸದಿದ್ದರೆ ಏನು ಗತಿ ಎಂದು ನನಗೆ ಒಳಗೊಳಗೇ ಪುಕಪುಕ.

ಊರ ಹೊರಗಿನ ಬಯಲಲ್ಲಿ ಜನವೋ ಜನ. ನಾವು ಚಾಪೆ ಹಾಸಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಬಿಚ್ಚಿದೆವು. ದೊಡ್ಡಮ್ಮ ನನ್ನ ಕಡೆ ಬಾಗಿ ಗುಟ್ಟಾಗಿ, "ನಿನ್ನ ಹೆಂಡ್ತಿ ಒಗ್ಗರಣಿಗೆ ಉಪ್ಪು ಕಮ್ಮಿ ಹಾಕ್ಯಾಳ. ಆಕಿಗೆ ಹೇಳಬ್ಯಾಡ" ಎಂದಳು. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಕೆಂಪಗಾದಳು. ದೂರದಲ್ಲಿ ಕೂತಿದ್ದ ಹಿರಿಯರೊಬ್ಬರು ಡಬ್ಬಿ ಹಿಡಿದು ಎದ್ದು ಬಂದರು. "ಉಪ್ಪಿನಕಾಯಿ ಐತ್ರಿ ಅಮ್ಮಾರ, ಹಚ್ಚಿಕೊಳ್ರಿ." ಯಾವೂರು ಎಂದು ಕೇಳಿದೆ. ಕುರುಗೋಡು ಎಂದರು. ಸಾಕ್ಷಿ ಸಾಕಲ್ಲವೇ?

ಮೊದಲು ಸಣ್ಣ ವಿಮಾನಗಳು ಸಾಲಾಗಿ ಬಂದು ಬಣ್ಣದ ಹೊಗೆ ಬಿಟ್ಟವು. ಬಯಲೆಲ್ಲ ಹೋ ಎಂದಿತು. ದೊಡ್ಡಮ್ಮ ಕಿವಿಯ ಮೇಲಿನ ಸೆರಗು ಸರಿಸಿ ಕಾದಳು. "ಸೊಳ್ಳಿ ಓಡಿಸೋ ಗಾಡಿನೂ ಹಿಂಗ ಹೊಗಿ ಬಿಡ್ತೈತಿ. ಸಪ್ಪಳ ಎಲ್ಲೈತಿ?" ಎಂದಳು. ಅವು ಇನ್ನೊಂದು ಸುತ್ತು ಬಂದು ಹೋದವು. ದೊಡ್ಡಮ್ಮ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು.

"ಕೇಳಲಿಲ್ಲ ಬಿಡು" ಎಂದಳು, ಪಿಸುದನಿಯಲ್ಲಿ. ನನ್ನ ಜನ್ಮದಲ್ಲೇ ಅವಳ ಪಿಸುದನಿ ಕೇಳಿರಲಿಲ್ಲ. ಯಾಕಾದರೂ ಕರೆದುಕೊಂಡು ಬಂದೆನೋ ಎನ್ನಿಸಿತು.

ಅಷ್ಟರಲ್ಲಿ ಜೆಟ್ ಬಂತು. ಬಂತು ಅನ್ನುವುದೇನು, ನಾವು ತಲೆಯೆತ್ತುವಷ್ಟರಲ್ಲಿ ಹೋಗಿಯಾಗಿತ್ತು. ಸಪ್ಪಳ ಮಾತ್ರ ಹಿಂದಿನಿಂದ ಬಂದು ಬಯಲಿಗೆ ಬಯಲನ್ನೇ ಅಲ್ಲಾಡಿಸಿತು! ನನ್ನ ಮಿರ್ಚಿ ಮಣ್ಣುಪಾಲಾಯಿತು. ಮಕ್ಕಳು ಚೀರಿದವು. ಎಲ್ಲರ ಕೈಗಳೂ ಕಿವಿಯ ಮೇಲೆ.

ದೊಡ್ಡಮ್ಮನ ಎರಡೂ ಕೈ ಎದೆಯ ಮೇಲಿದ್ದವು. ಯಾವಾಗ ಎದ್ದು ನಿಂತಳೋ ತಿಳಿಯದು.

"ಲೇ ತಮ್ಮಾ, ಮಿಲ್ ಚಾಲೂ ಆತಲೇ!"

ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನಿಮ್ಮ ದೊಡ್ಡಪ್ಪ ಮುಂಜಾನಿ ಮಿಲ್ ಚಾಲೂ ಮಾಡಿದ್ರ, ಅಡಿಗಿ ಮನ್ಯಾಗ ನನ್ನ ಎದಿ ಹಿಂಗ ನಡಗತಿತ್ತು. ಹಲಗಿ ಮ್ಯಾಲಿನ ತಾಟು ಎಲ್ಲಾ ಗಲಗಲ ಅಂತಿದ್ವು. ಅವರು ಅಲ್ಲೇ ಗ್ವಾಡಿ ಆಚಿಗೆ ಅದಾರ ಅಂತ ಗೊತ್ತಾಗತಿತ್ತು."

ನಾವೆಲ್ಲ ಅಷ್ಟು ವರ್ಷ ಶಪಿಸಿದ ಆ ಸದ್ದು ಅವಳಿಗೆ ದೊಡ್ಡಪ್ಪನ ಗುರುತಾಗಿತ್ತು. ದೂರದಲ್ಲಿ ಜೆಟ್ ಹೊರಳುವುದು ಕಂಡಿತು. ಮತ್ತೆ ಬರ್ತೈತಿ ಎಂದು ಬೆರಳು ಮಾಡಿ ತೋರಿಸಿದೆ. ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡು, ನೆಟ್ಟಗೆ ನಿಂತಳು. ಸುತ್ತಲಿನವರೆಲ್ಲ ಮೊದಲೇ ಕಿವಿ ಮುಚ್ಚಿಕೊಂಡರು.

ನಾನು ಅವಳ ಪಕ್ಕದಲ್ಲಿ, ಕೈ ಕೆಳಗೆ ಬಿಟ್ಟು ನಿಂತೆ.