ಪ್ರೊಜೆಕ್ಟರಿನ ಹಣೆ ಯಾವುದು?

ಬೆಳಕಿನ ಬಗ್ಗೆ ಪಾಠ ಮಾಡುವವನಿಗೆ ಬಲ್ಬು ಹಾಕಲು ಬರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪಂಚಾಂಗ ನೋಡಿ ಶನಿ ಎಲ್ಲಿದ್ದಾನೆ, ಗುರು ಎಲ್ಲಿದ್ದಾನೆ ಎಂದು ಹೇಳುವವರೆಲ್ಲ ಅಲ್ಲಿಗೆ ಹೋಗಿ ಬಂದವರೇ? ಈ ವಾದವನ್ನು ನಾನು ಮನೆಯಲ್ಲಿ ಬಹಳ ಸಲ ಮಂಡಿಸಿದ್ದೇನೆ, ನನ್ನ ಹೆಂಡತಿ ಮಂಗಳ ಒಂದು ಸಲವೂ ಒಪ್ಪಿಲ್ಲ. ಚಾಮರಾಜನಗರದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಮಸೂರ, ಪ್ರತಿಬಿಂಬ, ವಕ್ರೀಭವನ ಎಲ್ಲವೂ ನನಗೆ ನಿದ್ದೆಯಲ್ಲೂ ಬರುತ್ತವೆ. ಎಚ್ಚರವಿದ್ದಾಗ ಮಾತ್ರ ಮಿಕ್ಸಿಯ ಜಾರನ್ನು ಸರಿಯಾಗಿ ಕೂರಿಸಲು ಬರುವುದಿಲ್ಲ. "ಮಕ್ಕಳಿಗ ಅದೇನ್ ಯೋಳ್ಕೊಡ್ತರೋ, ಆ ಶಿವನೇ ಬಲ್ಲ" ಎಂದು ಅವಳು ಗುಂಡ್ಲುಪೇಟೆಯ ತವರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಾಳೆ. ಹೀಗಾಗಿ ಅತ್ತೆ ಮನೆಯಲ್ಲಿ ನನಗೆ ಹೋಳಿಗೆ, ತುಪ್ಪ, ಮಣೆ, ಮರ್ಯಾದೆ ಎಲ್ಲ ಸಿಕ್ಕರೂ ಯಾರೂ ನನ್ನ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟವರಿಲ್ಲ.

ಇಂಥ ನನ್ನ ಪಾಲಿಗೆ ನಮ್ಮ ಕಾಲೇಜಿಗೆ ಬಂದ ಡಿಜಿಟಲ್ ಪ್ರೊಜೆಕ್ಟರ್ ಬಂದು ಬಿತ್ತು. ಬೆಳಕು, ಮಸೂರ, ಪರದೆ ಮೂರೂ ಬೇಕಾದ ಯಂತ್ರ, ನ್ಯಾಯವಾಗಿ ಅದು ಭೌತಶಾಸ್ತ್ರಕ್ಕೇ ಸೇರಬೇಕು ಎಂದು ಪ್ರಾಂಶುಪಾಲರು ತೀರ್ಮಾನಿಸಿದರು. ಕನ್ನಡದ ಮೇಷ್ಟ್ರು ತಡಮಾಡದೆ ಅನುಮೋದಿಸಿದರು. ಮೊದಲ ತರಗತಿಯಲ್ಲೇ ಚಿತ್ರ ತಲೆಕೆಳಗಾಗಿ ಬಿತ್ತು. ಯಂತ್ರವನ್ನು ಚಾವಣಿಗೆ ನೇತುಹಾಕುವವರ ಅನುಕೂಲಕ್ಕೆಂದು ಚಿತ್ರವನ್ನು ತಿರುಗಿಸುವ ಏರ್ಪಾಡು ಅದರಲ್ಲಿದೆಯಂತೆ. ನನ್ನ ಬೆರಳು ರಿಮೋಟಿನಲ್ಲಿ ಎಲ್ಲೋ ತಾಗಿ ಅದು ಚಾಲೂ ಆಗಿತ್ತಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ಮಕ್ಕಳೆಲ್ಲ ಕತ್ತು ಸೊಟ್ಟ ಮಾಡಿಕೊಂಡು ನೋಡುತ್ತಿದ್ದರು. ನಾನು ಎದೆಗುಂದದೆ, "ಪೀನ ಮಸೂರ ಪರದೆಯ ಮೇಲೆ ಮೂಡಿಸುವ ಪ್ರತಿಬಿಂಬ ಯಾವಾಗಲೂ ತಲೆಕೆಳಗಾಗಿರುತ್ತದೆ, ಪುಸ್ತಕದಲ್ಲಿ ಓದಿದ್ದನ್ನು ಈಗ ಪ್ರತ್ಯಕ್ಷ ನೋಡಿ" ಎಂದೆ. ಮಕ್ಕಳು ನೋಡಿದರು, ಬರೆದುಕೊಂಡರು ಕೂಡ. ಕಿಟಕಿಯ ಆಚೆ ನಿಂತಿದ್ದ ಪ್ರಾಂಶುಪಾಲರು ಮಾತ್ರ ಬರೆದುಕೊಳ್ಳಲಿಲ್ಲ. "ರಜೆ ಬರ್ತಾ ಇದೆಯಲ್ಲ ಸಾರ್, ಮನೆಗೆ ತಗೊಂಡು ಹೋಗಿ ಸ್ವಲ್ಪ ಕೈ ಪಳಗಿಸಿಕೊಳ್ಳಿ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವರು ಬಹಳ ಮೃದುವಾಗಿ ಹೇಳಿದರು.

ಈ ಸುದ್ದಿ ಮಾಮೂಲಿನಂತೆ ಫೋನಿನಲ್ಲಿ ಗುಂಡ್ಲುಪೇಟೆ ತಲುಪಿತು. ತಲುಪಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅತ್ತೆಗೆ ಅದರಲ್ಲಿ ನನ್ನ ಅವಮಾನ ಕಾಣಲಿಲ್ಲ, ಯಂತ್ರ ಕಾಣಿಸಿತು. "ಸಣ್ಣ ಪಟವ ಗೋಡೆಯಷ್ಟು ದೊಡ್ಡದು ಮಾಡ್ತದಂತಲ್ಲ, ದಿಟವಾ ಅಳೀಂದ್ರೆ?" ಎಂದು ನನ್ನನ್ನೇ ಫೋನಿಗೆ ಕರೆದು ಕೇಳಿದರು. ದಿಟ ಎಂದೆ. "ಅಂಗಾದ್ರ ನಮ್ಮವ್ವನ್ನ ಒಂದ್ಸಲ ತೋರ್ಸಿ."

ಅವ್ವನ ಕಥೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಅತ್ತೆಯ ತವರು ಕುದೇರು. ಅವರ ತಾಯಿಯದೆಂದು ಉಳಿದಿರುವುದು ಒಂದೇ ಫೋಟೋ, ಅದೂ ಅತ್ತೆ ಮಾವನ ಮದುವೆಯಲ್ಲಿ ತೆಗೆದ ಗುಂಪಿನದು. ಮುಂದೆ ಹೆಣ್ಣು ಗಂಡು, ಸುತ್ತ ನೆಂಟರಿಷ್ಟರು, ಹಿಂದಿನ ಸಾಲಿನ ತುದಿಯಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದ ಅವ್ವ, ಅವರೆಕಾಳಿನಷ್ಟು ಮುಖ. ಆ ಮುಖ ಅಳುತ್ತಿದೆಯೋ ನಗುತ್ತಿದೆಯೋ ಎನ್ನುವುದು ಅಕ್ಕತಂಗಿಯರ ನಡುವೆ ಆವತ್ತಿನಿಂದಲೂ ಇತ್ಯರ್ಥವಾಗದ ವ್ಯಾಜ್ಯ. "ಮಗಳ ಕಳುಸ್ಕೊಡುವಾಗ ಯಾವ ತಾಯಿ ನಗ್ತಳ? ಅಳ್ತಾವಳ" ಎನ್ನುವುದು ಅತ್ತೆಯ ಪಕ್ಷ. ಸಂತೆಮರಹಳ್ಳಿಗೆ ಕೊಟ್ಟಿರುವ ತಂಗಿ, "ಇಲ್ಲ ಕನ ಅಕ್ಕ, ಅವ್ವ ನಗ್ತಾವಳ" ಎಂದು ಪ್ರತಿ ಹಬ್ಬಕ್ಕೂ ಬಂದು ಹೇಳಿ ಹೋಗುತ್ತಾರೆ. ಆಚೆ ವರ್ಷದಿಂದ ಅತ್ತೆಯ ಕಣ್ಣಿಗೆ ಪೊರೆ ಬಂದು ಅವ್ವನ ಮುಖವೇ ಕಾಣದಾಗಿತ್ತು. ಈಚೆಗೆ ಆಪರೇಷನ್ ಆಯಿತು. ಕಟ್ಟು ಬಿಚ್ಚಿ ಮನೆಗೆ ಬಂದವರು ಮೊದಲು ಕೇಳಿದ್ದು ಆ ಫೋಟೋವನ್ನೇ. ಎಲ್ಲ ಕಂಡಿತು, ಆದರೆ ಅವರೆಕಾಳು ಅವರೆಕಾಳಾಗಿಯೇ ಉಳಿಯಿತು. "ಕಣ್ ಮುಚ್ಚದ್ರೊಳಗ ಗೊತ್ತಾಗ್ಬೇಕು ನಂಗ" ಎಂದು ಅತ್ತೆ ಅಂದರೆಂದು ಮಂಗಳ ಹೇಳಿದಾಗ ನಾನು ನಗಲಿಲ್ಲ. ಅದರ ಜೊತೆಗೇ, ಅತ್ತೆ ಮನೆಯಲ್ಲಿ ಒಂದು ಯಂತ್ರವನ್ನು ನಡೆಸಿ ತೋರಿಸುವ ಯೋಗವೂ ಕೂಡಿಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಪ್ರೊಜೆಕ್ಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಪಕ್ಕದ ಹಿರಿಯರು ಅದರ ಮಸೂರವನ್ನು ದಿಟ್ಟಿಸಿ ನೋಡಿ, "ಬೀಪಿ ನೋಡದಾ ಇದು?" ಎಂದರು. ಅಲ್ಲ ಎಂದು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ತೋಳು ಮಡಚಿ, "ಆಗ್ಲಿ, ನಂದೊಂದು ನೋಡ್ಬುಡಿ" ಎಂದರು. ಮಂಗಳ ಕಿಟಕಿಯ ಕಡೆ ತಿರುಗಿಕೊಂಡು ನಗುತ್ತಿದ್ದಳು.

ಅತ್ತೆ ಮನೆಯವರು ಈರುಳ್ಳಿ ವ್ಯಾಪಾರದವರು. ನನ್ನ ಭಾಮೈದ ಗುರುಸ್ವಾಮಿ ಮಂಡಿ ನೋಡಿಕೊಳ್ಳುತ್ತಾನೆ, ಹಜಾರದ ಅರ್ಧ ಭಾಗ ಮೂಟೆಗಳದ್ದೇ. ಗೋಡೆಗೆ ಗಿಳಿಹಸಿರು ಬಣ್ಣ ಬಳಿದಿದ್ದರಿಂದ, ಅದರ ಮೇಲೆ ಚಿತ್ರ ಬಿಟ್ಟರೆ ಅವ್ವ ಹಸಿರಾಗುತ್ತಾರೆ. ಬಿಳಿ ಪರದೆ ಬೇಕೆಂದಾಗ ಮಾವ ಒಳಗಿನಿಂದ ತಮ್ಮ ಹೊಸ ಪಂಚೆ ತಂದುಕೊಟ್ಟರು. "ಎಣ್ಣೆ ಗಿಣ್ಣೆ ಆಗ್ದಂಗ ನೋಡ್ಕಳಿ, ಇನ್ನೂ ಉಟ್ಟಿಲ್ಲ" ಎಂದು ಎಚ್ಚರಿಸಿದರು. ಪಂಚೆ ಕಟ್ಟಿದೆವು. ಪ್ರೊಜೆಕ್ಟರನ್ನು ಒಂದು ಮೂಟೆಯ ಮೇಲೆ ಕೂರಿಸಿದೆ. ಒಳಗಿನ ಈರುಳ್ಳಿಗಳು ಆಗಾಗ ಮಗ್ಗುಲು ಬದಲಿಸುತ್ತಿದ್ದುದರಿಂದ ಚಿತ್ರವೂ ವಾಲುತ್ತಿತ್ತು. ಕೊನೆಗೆ ಗುರುಸ್ವಾಮಿ ಟೊಮೊಟೊ ಕ್ರೇಟನ್ನು ಬೋರಲು ಹಾಕಿಕೊಟ್ಟ. ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗಿ ಮೊರದ ಹಾಗೆ ಬಂತು. ಬೆವರು ಒರೆಸಿಕೊಳ್ಳುತ್ತಾ ಗುಂಡಿಗಳನ್ನು ಒತ್ತಿದೆ. ಕಡೆಗೂ ನಾಲ್ಕು ಮೂಲೆಯೂ ಸರಿಯಾಗಿ, ಪರೀಕ್ಷೆಗೆಂದು ಹಾಕಿದ ಒಂದು ಹೂವಿನ ಚಿತ್ರ ಎಸಳೆಸಳಾಗಿ ಮೂಡಿತು. ತಲೆ ಮೇಲೆ, ಕಾಲು ಕೆಳಗೆ. "ಪರವಾಗಿಲ್ವೇ ಭಾವ!" ಎಂದ ಗುರುಸ್ವಾಮಿ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಊಟ ಮುಗಿಸಿ, ಎಲ್ಲರೂ ಕೂತ ಮೇಲೆ ಅವ್ವನನ್ನು ತೋರಿಸುವುದೆಂದು ನಿಶ್ಚಯವಾಯಿತು.

ಆ ಮನೆಯ ಊಟದ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆದರೆ ಪ್ರೊಜೆಕ್ಟರ್ ಮರೆತುಹೋಗುತ್ತದೆ. ನಾವೆಲ್ಲ ಉಣ್ಣುತ್ತಿದ್ದಾಗ ಬಡಿಸುತ್ತಿದ್ದ ಅತ್ತೆ ನಡುವೆ ಒಂದು ಗಳಿಗೆ ಹಜಾರಕ್ಕೆ ಹೋಗಿ ಬಂದದ್ದನ್ನು ಮಾತ್ರ ಹೇಳಿರುತ್ತೇನೆ. ಊಟವಾದ ಮೇಲೆ ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟು ಕತ್ತಲು ಮಾಡಿದೆವು. ಅತ್ತೆ ಮುಂದೆಯೇ ಕುರ್ಚಿ ಹಾಕಿಸಿಕೊಂಡು, ತಲೆ ಬಾಚಿ, ಸೆರಗು ಹೊದ್ದು, ಯಾರನ್ನೋ ನೋಡಲು ಹೊರಟವರಂತೆ ಕೂತರು. ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಅವ್ವನ ಫೋಟೋವನ್ನು ನಾನು ಬಿಟ್ಟೆ.

ಪಂಚೆಯ ತುಂಬ ಮಂಜು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳಗಿನ ಹೊತ್ತು ಎದುರಿಗಿರುವ ಮನುಷ್ಯ ಕಾಣುತ್ತಾನಲ್ಲ, ಮದುವೆಯವರೆಲ್ಲ ಹಾಗೆ ಕಂಡರು. ನಾನು ಮೊದಲು ನನ್ನ ಕನ್ನಡಕವನ್ನು ಒರೆಸಿಕೊಂಡೆ. ಮಾವನೂ ತಮ್ಮದನ್ನು ಒರೆಸಿಕೊಂಡರು. ಮಂಜು ಕರಗಲಿಲ್ಲ. ಫೋಕಸ್ ತಿರುಗಿಸಿದೆ, ಮೆನು ತೆರೆದೆ, ಬೆಳಕು ಹೆಚ್ಚಿಸಿದೆ, ಬಣ್ಣ ತಗ್ಗಿಸಿದೆ. ಒಂದು ಸಲ ಎಲ್ಲರೂ ನೀಲಿಯಾದರು, ಇನ್ನೊಂದು ಸಲ ಇಡೀ ಮದುವೆಯೇ ತಲೆಕೆಳಗಾಯಿತು. "ಉಣ್ಣಕ ಮುಂಚ ಚೆನ್ನಾಗಿತ್ತಲ್ಲ ಭಾವ" ಎಂದ ಗುರುಸ್ವಾಮಿ, ಊಟದಲ್ಲೇ ಏನೋ ದೋಷವಿರುವಂತೆ. ಮಂಗಳನ ಕಣ್ಣು ಅಡುಗೆಮನೆಯ ಕಡೆ, ಮಿಕ್ಸಿಯ ಮೇಲೆ ಹೋಗಿ ಬಂದದ್ದು ನನಗೆ ಕಂಡಿತು.

ನನ್ನ ಮಾನ ಹೋಗುತ್ತಿರುವುದು ನನಗೆ ಹೊಸದಲ್ಲ. ಅತ್ತೆಯ ಮಾತು ಮಾತ್ರ ನನ್ನ ಜೀವ ಹಿಂಡಿತು. ಅವರು ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ಮೆಲ್ಲಗೆ, "ಬುಡಿ ಅಳೀಂದ್ರೆ, ನಿಮ್ ಮಿಷಿನ್ನು ಸರ್ಯಾಗೇ ಅದ. ನಂಗೇ ತಿರ್ಗ ಪೊರೆ ಬಂದದ. ಆಗ್ಲೂ ಇಂಗೇ ಕಾಣ್ತಿತ್ತು" ಎಂದರು. ನಮಗೂ ಹಾಗೇ ಕಾಣುತ್ತಿದೆ ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. ಸಮಾಧಾನಕ್ಕೆ ಹೇಳುತ್ತಿದ್ದೇವೆ ಎಂದುಕೊಂಡು ಅವರು ಸುಮ್ಮನೆ ತಲೆಯಾಡಿಸಿದರು. ಆ ಕ್ಷಣದಲ್ಲಿ ನನಗೆ ಪ್ರಶಸ್ತಿಯೂ ಬೇಡವಾಯಿತು, ಗುಂಡ್ಲುಪೇಟೆಯ ಮರ್ಯಾದೆಯೂ ಬೇಡವಾಯಿತು. ಆ ಮುಖ ಒಂದು ಕಂಡರೆ ಸಾಕಾಗಿತ್ತು.

ಏನೂ ತೋಚದೆ ಪ್ರೊಜೆಕ್ಟರಿನ ಮುಂದೆ ಬಂದು, ಕೈ ಅಡ್ಡ ಹಿಡಿದು, ಓರೆಯಾಗಿ ಅದರ ಮುಖ ನೋಡಿದೆ. ಮಸೂರದ ಮೇಲೆ, ಎಡದಿಂದ ಬಲಕ್ಕೆ, ಮೂರು ಬೆರಳಿನ ಅಚ್ಚುಕಟ್ಟಾದ ವಿಭೂತಿ! ಹಚ್ಚುವಾಗ ಹಸಿಯಾಗಿದ್ದದ್ದು ಒಣಗಿ ಬೆಳ್ಳಗೆ ಬೆಳಗುತ್ತಿತ್ತು. ಯಂತ್ರದ ನೆತ್ತಿಯ ಮೇಲೊಂದು ಕಣಗಿಲೆ ಹೂವು ಬೇರೆ.

ನನಗೆ ಹೊಳೆಯಬೇಕಾಗಿತ್ತು. ಆ ಮನೆಯೊಳಗೆ ಬಂದ ಯಾವ ವಸ್ತುವೂ ವಿಭೂತಿಯಿಲ್ಲದೆ ಕೆಲಸಕ್ಕೆ ಇಳಿದದ್ದಿಲ್ಲ. ತಕ್ಕಡಿಗೆ ವಿಭೂತಿ, ಲಾರಿಗೆ ವಿಭೂತಿ, ಫ್ರಿಜ್ಜಿಗೆ ವಿಭೂತಿ. ಮದುವೆಯಾದ ಹೊಸತರಲ್ಲಿ ಹೊಸ್ತಿಲಲ್ಲೇ ನನ್ನ ಹಣೆಗೂ ಹಚ್ಚಿದ್ದರು, ಕೆಲಸಕ್ಕೆ ಇಳಿಯದ ವಸ್ತು ನಾನೊಬ್ಬನೇ. ಕಾರಣ ತಿಳಿದ ಮೇಲೆ ಉಪಾಯ ಸುಲಭ, ಕರ್ಚೀಫಿನಿಂದ ಒರೆಸಿದರಾಯಿತು. ಆದರೆ ಒರೆಸುವುದು ಹೇಗೆ? ಅತ್ತೆ ಭಕ್ತಿಯಿಂದ ಹಚ್ಚಿದ ವಿಭೂತಿಯನ್ನು ಅಳಿಯನಾದವನು ಮನೆಮಂದಿಯ ಎದುರಿಗೆ, ಮೂಗು ಒರೆಸಿದ ಕರ್ಚೀಫಿನಿಂದ ಅಳಿಸುವುದೇ? ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಕರ್ಚೀಫನ್ನು ಜೇಬಿನಿಂದ ಅರ್ಧ ಎಳೆದವನು ಹಾಗೇ ನಿಂತೆ.

"ಏನಾಯ್ತು ಅಳೀಂದ್ರೆ?" ಎಂದರು ಅತ್ತೆ.

"ಏನಿಲ್ಲ ಅತ್ತೆ... ವಿಭೂತಿ ಇದರ ಕಣ್ಣಿಗೆ ಬಿದ್ದಿದೆ. ಇದು ನೋಡೋದೇ ಅಲ್ಲಿಂದ."

"ಅಯ್ಯೋ ಶಿವನೇ! ಅದು ಕಣ್ಣಾ? ನಾನು ಹಣೆ ಅನ್ಕಂಡೆ. ಮುಂದುಗಡೆ ಗುಂಡಗಿತ್ತು, ಇಟ್ಬುಟ್ಟೆ. ನಂಗೇನ್ ಗೊತ್ತು ಅದ್ರ ಹಣೆ ಯಾವ್ದು, ಕಣ್ ಯಾವ್ದು ಅಂತ? ಮೊದ್ಲೇ ಯೋಳ್ಬಾರ್ದಾ?" ಎಂದು ನನ್ನನ್ನೇ ಗದರಿಸಿ ಎದ್ದುಬಂದರು. ಸೆರಗಿನ ತುದಿಯನ್ನು ಬಾಯಿಗೆ ತಾಗಿಸಿ ಒದ್ದೆ ಮಾಡಿಕೊಂಡು, ಮಗುವಿನ ಕಣ್ಣಿನ ಪಿಸುರು ತೆಗೆಯುವಂತೆ ಮಸೂರವನ್ನು ಒರೆಸಿದರು. ಒಣ ಸೆರಗಿನಿಂದ ಇನ್ನೊಮ್ಮೆ ಒರೆಸಿದರು. ಮಸೂರವನ್ನು ಯಾವುದರಿಂದ ಒರೆಸಬೇಕು, ಯಾವುದರಿಂದ ಒರೆಸಬಾರದು ಎಂದು ಡಬ್ಬದ ಮೇಲೆ ಬರೆದಿದ್ದದ್ದು ನನಗೆ ನೆನಪಿಗೆ ಬಂತು, ಬಾಯಿಗೆ ಬರಲಿಲ್ಲ. ಸೆರಗಿಗೆ ಹತ್ತಿದ ವಿಭೂತಿಯನ್ನು ಅತ್ತೆ ತಮ್ಮ ಹಣೆಗೆ ಒತ್ತಿಕೊಂಡರು. "ತಗಳಿ, ಈಗ ಬುಡಿ."

ಮಂಜು ಹೋಗಿತ್ತು. ಪಂಚೆಯ ಮೇಲೆ, ಅಂಗಡಿಯ ಮಡಿಕೆಗಳ ನಡುವೆ, ಅವ್ವ ಬಂದು ನಿಂತಿದ್ದರು. ನಾನು ಆ ಮುಖವೊಂದನ್ನೇ ದೊಡ್ಡದು ಮಾಡಿದೆ. ಫೋಟೋ ಹಳೆಯದು, ಅಲ್ಲಲ್ಲಿ ಒಡೆದಿತ್ತು, ಆದರೂ ಕಣ್ಣುಗಳು ಚೆನ್ನಾಗಿ ಕಂಡವು. ಅತ್ತೆ ಎದ್ದು ಪಂಚೆಯ ಹತ್ತಿರ ಹೋದರು, ಅವರ ನೆರಳೇ ಅವ್ವನನ್ನು ಮುಚ್ಚಿತು, ಪಕ್ಕಕ್ಕೆ ಸರಿದರು. ಸೆರಗಿನ ಮೇಲಿನ ಅಂಚಿನಲ್ಲಿ ಉಬ್ಬಿದ ಕೆನ್ನೆಯನ್ನೂ, ಕಿರಿದಾದ ಕಣ್ಣನ್ನೂ, ಕಣ್ಣಿನ ತುದಿಯ ಸುಕ್ಕನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ನಗ್ತಾವಳ" ಎಂದರು. "ಕಳ್ಳಿ, ಸೆರಗ ಅಡ್ಡ ಇಟ್ಕಂಡು ನಗ್ತಾವಳ ಕನ! ನಾನು ಅಲ್ಲಿ ಅತ್ತು ಅತ್ತು ಸಾಯ್ತಿದ್ರ ಇವ್ಳು ಅದೇನ್ ಕಂಡು ನಗ್ತಿದ್ಲು?"

ಈವರೆಗೆ ಪಂಚೆಯ ಯೋಗಕ್ಷೇಮವನ್ನಷ್ಟೇ ನೋಡುತ್ತಿದ್ದ ಮಾವ ಮೂಲೆಯಿಂದ ಕೆಮ್ಮಿದರು. "ಅದಾ... ಫೋಟೋದವ್ನು ರೆಡಿ ಅಂದ ನೋಡು, ಆಗ ನನ್ ಪೇಟ ಜಾರಿ ಮೂಗಿನ್ ಮ್ಯಾಲಕ ಬಂದ್ಬುಡ್ತು. ಮಾವ್ನೋರ್ದು ಅದು, ನಂಗ ದೊಡ್ಡದು. ಅತ್ತೆಮ್ಮ ನೋಡ್ಬುಟ್ರು" ಎಂದರು. ಇಷ್ಟು ಕಾಲ ಬಾಯಿ ಬಿಡದೆ ಎರಡೂ ಪಕ್ಷದ ವಾದವನ್ನು ಕೇಳಿಕೊಂಡು ಕೂತಿದ್ದ ಪುಣ್ಯಾತ್ಮ! ಇಡೀ ಫೋಟೋ ಮತ್ತೆ ಬಿಟ್ಟು ನೋಡಿದರೆ ಮದುಮಗನ ಪೇಟ ಹುಬ್ಬಿನ ಕೆಳಕ್ಕಿತ್ತು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು, ನಗುತ್ತಲೇ ಅತ್ತರು. ಹುಟ್ಟಿದಾಗಿನಿಂದ ಈರುಳ್ಳಿಯ ನಡುವೆಯೇ ಬೆಳೆದ ಗುರುಸ್ವಾಮಿ ಕಣ್ಣೊರೆಸಿಕೊಳ್ಳುತ್ತಾ, "ಈರುಳ್ಳಿ ಘಾಟು ಭಾವ" ಎಂದ. ಅತ್ತೆ ಸುಧಾರಿಸಿಕೊಂಡು ಮಂಗಳನ ಕಡೆ ತಿರುಗಿದರು. "ಸಂತೆಮರಳ್ಳಿಯವ್ಳಿಗ ಯಾರೂ ಫೋನ್ ಮಾಡ್ಬೇಡಿ ಕಣಮ್ಮಿ. ಅವ್ಳೇ ಗೆದ್ಲು ಅಂತ ಮೆರೀತಳ."

ಆದರೆ ಗುಟ್ಟು ಅವರ ಹೊಟ್ಟೆಯಲ್ಲೇ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅವರೇ ತಂಗಿಗೆ ಫೋನು ಮಾಡಿ, ಪೇಟದಿಂದ ಹಿಡಿದು ಎಲ್ಲವನ್ನೂ ಒದರಿದರು. ನನ್ನ ಹೆಸರು ಬರಬಹುದೆಂದು ನಾನು ಕಾಫಿ ಲೋಟ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದೆ. ಬಂತು. "ಅಳೀಂದ್ರು ಏನೇನೋ ತಿರುವುದ್ರು, ಏನೂ ಆಗ್ನಿಲ್ಲ ಕನ. ಆಮೇಲ ಈಬೂತಿ ಮುಟ್ಟಿ ಹಣೆಗಿಟ್ಕಂಡೆ ನೋಡು, ಅವ್ವ ಬಂದು ಮುಂದ ನಿಂತ್ಕಂಡ್ಳು!" ಕೆಡಿಸಿದ್ದೂ ವಿಭೂತಿ, ಸರಿಮಾಡಿದ ಕೀರ್ತಿಯೂ ವಿಭೂತಿಗೆ. ಹೊರಡುವಾಗ ಅತ್ತೆ ಅದರದೇ ಒಂದು ಚಿಕ್ಕ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿ, "ಕಾಲೇಜಲ್ಲಿ ಬೇಕಾಗ್ತದ" ಎಂದರು.

ರಜೆ ಮುಗಿದು ಮೊದಲ ತರಗತಿ. ಮಕ್ಕಳು ಬರುವುದಕ್ಕೆ ಮುಂಚೆಯೇ ಹೋಗಿ ಎಲ್ಲ ಜೋಡಿಸಿದೆ. ಪರದೆಯ ಮೇಲೆ ನೀಲಿ ಬಿಟ್ಟು ಬೇರೇನೂ ಬರಲೊಲ್ಲದು. ಸಿಗ್ನಲ್ ಇಲ್ಲವಂತೆ. ನನಗೆ ಗೊತ್ತಿದ್ದ ಗುಂಡಿಗಳನ್ನೆಲ್ಲ ಒತ್ತಿದೆ, ಗೊತ್ತಿಲ್ಲದವನ್ನೂ ಒತ್ತಿದೆ. ಪ್ರಾಂಶುಪಾಲರ ಚಪ್ಪಲಿಯ ಸದ್ದು ಮೊಗಸಾಲೆಯಲ್ಲಿ ಕೇಳಿಸಿತು. ಬಾಗಿಲ ಕಡೆ ಒಮ್ಮೆ ನೋಡಿ, ಜೇಬಿಗೆ ಕೈ ಹಾಕಿ, ಗಟ್ಟಿಯ ಮೇಲೆ ಬೆರಳಾಡಿಸಿ, ಯಂತ್ರದ ಮೇಲ್ಭಾಗಕ್ಕೆ ಮೂರು ಬೆರಳು ಎಳೆದುಬಿಟ್ಟೆ. ಎಳೆಯುವಾಗ ಕೈ ತಾಗಿ ಹಿಂದಿನ ಕೇಬಲ್ ಅಲುಗಿರಬೇಕು, ಅದಕ್ಕೇ ಚಿತ್ರ ಫಳಾರೆಂದು ಬಂದಿರಬೇಕು. ಭೌತಶಾಸ್ತ್ರದವನಾಗಿ ನನಗೆ ಅಷ್ಟೂ ತಿಳಿಯದೆ ಇಲ್ಲ. ಒಳಗೆ ಬಂದ ಪ್ರಾಂಶುಪಾಲರು ಚಿತ್ರ ನೋಡಿ, ಯಂತ್ರ ನೋಡಿ, "ಚೆನ್ನಾಗಿ ಪಳಗಿದೆ ಸಾರ್ ಕೈ. ಯಾರ ಹತ್ತಿರ ಕಲಿತಿರಿ?" ಎಂದರು.

"ನಮ್ಮತ್ತೆ ಹತ್ತಿರ" ಎಂದೆ. ಕೇಬಲ್ಲಿಗೂ ಒಂದು ಸಲ ಹಚ್ಚಬೇಕು, ಅದರ ಹಣೆ ಯಾವುದೆಂದು ಅತ್ತೆಗೆ ಫೋನು ಮಾಡಿ ಕೇಳಬೇಕು.