ಸೊನ್ನೆಗೆ ಬಾರದ ಮನೆ

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ನಾನು ತಕ್ಕಡಿ ಮಾರುವವನು. ಚಿನ್ನ ತೂಗುವ ಅಂಗೈಯಗಲದ ಯಂತ್ರದಿಂದ ಹಿಡಿದು ಮೂಟೆ ತೂಗುವ ಹಲಗೆಯವರೆಗೆ, ಈ ಊರಿನ ಅರ್ಧದಷ್ಟು ಸತ್ಯ ನನ್ನ ಅಂಗಡಿಯಿಂದಲೇ ಸರಬರಾಜಾಗುವುದು. ಉಳಿದರ್ಧಕ್ಕೆ ನಾನು ಜವಾಬ್ದಾರನಲ್ಲ.

ಆದ್ದರಿಂದ ನನ್ನ ಹೆಂಡತಿ, "ಮಹಡಿ ಕೋಣೆಗೆ ಇಂಟರ್ನೆಟ್ ಬರ್ತಿಲ್ಲ. ಶುಕ್ರವಾರ ನನ್ನ ಇಂಟರ್‌ವ್ಯೂ. ಯಾರನ್ನಾದ್ರೂ ಕರೆಸಿ ಕೇಬಲ್ ಎಳೆಸಿ" ಎಂದಾಗ ನಾನು ಕೈ ಎತ್ತಿ ಅಭಯ ನೀಡಿದೆ.

"ಗೋಡೆ ಕೊರೆಯೋ ಮಾತೇ ಬೇಡ. ಪವರ್‌ಲೈನ್ ಅಡಾಪ್ಟರ್ ತರ್ತೀನಿ."

"ಅಂದ್ರೆ?"

"ಎರಡು ಡಬ್ಬಿ. ಒಂದು ಕೆಳಗೆ ರೂಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದು ನಿನ್ನ ಕೋಣೆಯ ಪ್ಲಗ್ಗಿಗೆ. ಗೋಡೆಯೊಳಗಿನ ಕರೆಂಟ್ ತಂತಿಯಲ್ಲೇ ಇಂಟರ್ನೆಟ್ ಮೇಲೆ ಹತ್ತುತ್ತೆ."

"ಹತ್ತುತ್ತಾ, ಮಧ್ಯದಲ್ಲಿ ಕೂರುತ್ತಾ?"

"ಪರೀಕ್ಷೆ ಮಾಡದೆ ನಾನು ಏನನ್ನಾದರೂ ಕೊಂಡಿದ್ದೀನಾ?"

"ಕೊಂಡಿದ್ದೀರಿ. ಆ ಕಾಲು ಒತ್ತೋ ಯಂತ್ರ."

ಈ ಯಂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ದಿನವಿಡೀ ಅಂಗಡಿಯಲ್ಲಿ ನಿಲ್ಲುವ ಪಾದಗಳಿಗೆಂದು ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಕಾಲಿಟ್ಟರೆ ತಾನಾಗಿ ಗುರ್ರೆಂದು ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಸೋಫಾದ ಮುಂದೆ ಅದರ ಖಾಯಂ ಜಾಗ. ಮನೆಯಲ್ಲಿ ನಾನು ಹೇಳಿದಂತೆ ಕೇಳುವುದು ಅದೊಂದೇ.

ಆದರೆ ಈ ಸಲ ತಮಾಷೆಗೆ ಎಡೆಯಿರಲಿಲ್ಲ. ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಮಗಳು ಹುಟ್ಟಿದಾಗ ಬಿಟ್ಟ ಕೆಲಸ. ಆ ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ. ಅರ್ಜಿ ಹಾಕಿದ ಕಡೆಯೆಲ್ಲ "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದು ಕೇಳಿ ಬಾಗಿಲು ಮುಚ್ಚಿದ್ದರು. ಒಂದೇ ಒಂದು ಕಂಪನಿ ಮಾತ್ರ, "ನಿಮ್ಮ ನಕ್ಷೆಗಳನ್ನು ಪರದೆಯ ಮೇಲೆ ತೋರಿಸುತ್ತಾ ವಿವರಿಸಿ" ಎಂದಿತ್ತು. ರಾತ್ರಿ ಅವಳು ಕನ್ನಡಿಯ ಮುಂದೆ ನಿಂತು ತನ್ನ ನಕ್ಷೆಯ ಮೆಟ್ಟಿಲುಗಳ ಬಗ್ಗೆ ಮಾತಾಡುವುದನ್ನು ಕೇಳಿಯೂ ಕೇಳದವನಂತೆ ಮಲಗಿದ್ದೆ.

ಎಲೆಕ್ಟ್ರಾನಿಕ್ಸ್ ಅಂಗಡಿಯ ಗೆಳೆಯನಿಂದ ಮೂರು ಕಂಪನಿಯ ಮೂರು ಜೋಡಿ ತಂದೆ. "ನೋಡಿ ವಾಪಸ್ ಕೊಡ್ತೀನಿ" ಎಂಬ ವ್ಯಾಪಾರಿಗಳ ಕರಾರು. ಒಂದರ ಡಬ್ಬದ ಮೇಲೆ ಇಂಟರ್ನೆಟ್ ವೇಗ ಸಾವಿರ ಎಂದು ಬರೆದಿತ್ತು, ಇನ್ನೊಂದರ ಮೇಲೆ ಎರಡು ಸಾವಿರ! ಒಳಗಿನಿಂದ ಬಂದದ್ದು ನೂರರ ಆಸುಪಾಸು. ನನ್ನ ತಕ್ಕಡಿ ಹೀಗೆ ತೂಗಿದ್ದರೆ ತೂಕ-ಅಳತೆ ಇನ್ಸ್‌ಪೆಕ್ಟರು ತಕ್ಕಡಿಯ ಜೊತೆ ನನಗೂ ಸೀಲು ಹೊಡೆಯುತ್ತಿದ್ದರು.

ಈಗ ಕೇಳಿ ನನ್ನ ವಿಧಾನ. ತೂಗುವ ಮೊದಲು ತಟ್ಟೆ ಖಾಲಿಯಿರಬೇಕು, ಮುಳ್ಳು ಸೊನ್ನೆಗೆ ಬರಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ನಾನು ಮನೆಯನ್ನೇ ಸೊನ್ನೆಗೆ ತಂದೆ! ಫ್ರಿಜ್ಜು, ಫ್ಯಾನು, ವಾಷಿಂಗ್ ಮಷೀನು, ಮಿಕ್ಸಿ, ಚಾರ್ಜರುಗಳು, ಕಾಲು ಒತ್ತುವ ಯಂತ್ರ, ಎಲ್ಲದರ ಪ್ಲಗ್ಗೂ ಹೊರಗೆ. ರೂಟರು, ಅಡಾಪ್ಟರು, ನಾನು, ಇಷ್ಟೇ ಉಳಿದೆವು.

ನಮ್ಮೊಂದಿಗೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೀಸಣಿಗೆ ಬೀಸಿಕೊಳ್ಳುತ್ತಾ ಕೇಳಿದರು: "ಅಳಿಯಂದ್ರೇ, ಇಂಟರ್‌ವ್ಯೂ ದಿನಾನೂ ಹೀಗೇ ಬೆವರ್ಕೊಂಡು ಕೂರ್ಬೇಕಾ?"

"ಇದು ವೈಜ್ಞಾನಿಕ ವಿಧಾನ ಅತ್ತೆ. ನಿಮಗೆ ಗೊತ್ತಾಗಲ್ಲ."

"ಸರಿಯಪ್ಪ. ಬೆವರಂತೂ ಗೊತ್ತಾಗ್ತಿದೆ."

ಮೂರನೆಯ ಜೋಡಿ ಗೆದ್ದಿತು. ಹಾಲು ಕೆಟ್ಟಿತು. ಒಂದು ಮಹಾಯುದ್ಧಕ್ಕೆ ಇದು ದೊಡ್ಡ ನಷ್ಟವೇನಲ್ಲ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ಕಾವಲು ನಿಂತೆ. ಹೆಂಡತಿ ಮೇಲೆ ಬಾಗಿಲು ಹಾಕಿಕೊಂಡಳು. ಅತ್ತೆ ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು; ಮಗಳ ದನಿಯೂ ಕೇಳಬೇಕು, ಅಳಿಯನ ಮೇಲೂ ಕಣ್ಣಿರಬೇಕು. ಮೇಲಿನಿಂದ "ನಮಸ್ಕಾರ ಸರ್" ಎಂಬ ದನಿ ಬಂತು. ನನ್ನ ಎದೆ ಡವಡವ! ಸಮಾಧಾನಕ್ಕೆಂದು ಸೋಫಾದಲ್ಲಿ ಕುಳಿತು, ಯಂತ್ರದೊಳಗೆ ಕಾಲಿಟ್ಟೆ.

"ರೀ! ಸ್ಕ್ರೀನಲ್ಲಿ ಅವರ ಮುಖ ನಿಂತೇಹೋಯ್ತು!" ಹೆಂಡತಿ ಮೇಲಿನಿಂದ ಕೂಗಿದಳು.

ಎರಡೆರಡು ಮೆಟ್ಟಿಲು ಹಾರಿ ಓಡಿದೆ. ಬಾಗಿಲು ತೆರೆಯುವಷ್ಟರಲ್ಲಿ ಅವಳೇ ಕೈಯಾಡಿಸಿ, "ಸರಿಹೋಯ್ತು, ಹೋಗಿ" ಎಂದು ಸನ್ನೆ ಮಾಡಿದಳು. ನಾನು ಬಂದದ್ದಕ್ಕೇ ಅಡಾಪ್ಟರು ಹೆದರಿತೆಂದುಕೊಂಡು, ಮೀಸೆಯ ಮೇಲೆ ಕೈಯಾಡಿಸುತ್ತಾ ಕೆಳಗಿಳಿದೆ. ಕುಳಿತೆ. ಕಾಲಿಟ್ಟೆ.

"ರೀ!!"

ಮತ್ತೆ ಓಟ. ಮತ್ತೆ ನಾನು ತಲುಪುವಷ್ಟರಲ್ಲಿ ಎಲ್ಲ ಸರಿ! ಆದರೆ ಈ ಸಲ ಅವಳ ಕಣ್ಣಂಚಿನಲ್ಲಿ ನೀರಿತ್ತು. ಪರದೆಯ ಮೇಲೆ ಅವಳ ನಕ್ಷೆಯ ಮೆಟ್ಟಿಲುಗಳು ಅರ್ಧಕ್ಕೇ ನಿಂತು ಆಗತಾನೇ ಪೂರ್ತಿಯಾಗುತ್ತಿದ್ದವು. "ಇನ್ನೊಂದು ಸಲ ಲೈನ್ ಹೋದ್ರೆ ಬೇರೆಯವರನ್ನ ಕರೀತಾರಂತೆ" ಎಂದು ಪಿಸುಗುಟ್ಟಿದಳು.

ನಾನೇ ತೂಗಿ ಆರಿಸಿದ ಡಬ್ಬಿ! ಕೆಳಗೆ ಬಂದು ಬೆವರೊರೆಸಿಕೊಂಡು ಸೋಫಾದಲ್ಲಿ ಕುಸಿದೆ. ಪಾದಗಳು ತಮ್ಮ ಪಾಡಿಗೆ ಯಂತ್ರದತ್ತ ಜಾರಿದವು.

"ಅಳಿಯಂದ್ರೇ!" ಅತ್ತೆಯ ದನಿ ತಿರುವಿನಿಂದ ಸಿಡಿಯಿತು. "ಕಾಲು ಮೇಲೆತ್ತಿ!"

"ಯಾಕತ್ತೆ?"

"ಆಗಿನಿಂದ ನೋಡ್ತಿದ್ದೀನಿ. ನೀವು ಕಾಲಿಟ್ಟಾಗಲೆಲ್ಲ ಅವಳು ಕೂಗ್ತಾಳೆ, ನೀವು ಎದ್ದಾಗಲೆಲ್ಲ ಸುಮ್ಮನಾಗ್ತಾಳೆ. ಆ ಗುರ್ರೆನ್ನೋದೇ ತಂತಿ ಹಿಡ್ಕೊಂಡು ಮೇಲೆ ಹೋಗ್ತಿರಬೇಕು!"

"ಹಾಗೆಲ್ಲ ಆಗಲ್ಲ ಅತ್ತೆ, ನಾನು ಪರೀಕ್ಷೆ ಮಾಡಿ..."

"ಪರೀಕ್ಷೆ ಮಾಡೋವಾಗ ಅದರ ಪ್ಲಗ್ ಕಿತ್ತಿಟ್ಟಿದ್ದವರು ಯಾರು?"

ಮನೆಯನ್ನು ಸೊನ್ನೆ ಮಾಡಿ ತೂಗಿದವನು, ಮನೆಯಲ್ಲಿ ನಾನೂ ಇರುತ್ತೇನೆಂಬುದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ! ಸದ್ದಿಲ್ಲದೆ ಬಗ್ಗಿ ಪ್ಲಗ್ಗು ಕಿತ್ತೆ. ಮುಗಿಯುವವರೆಗೂ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ, ನೆಲಕ್ಕೆ ಪಾದ ಸೋಕಿಸುವ ಧೈರ್ಯವಿಲ್ಲದೆ.

ಮೇಲಿನಿಂದ ಮತ್ತೆ ಕೂಗು ಬರಲಿಲ್ಲ. ಬಂದದ್ದು ನಗು, ಅವಳದ್ದು, ಮತ್ತೆ ಆ ಕಡೆಯವರದ್ದು.

ಕೆಲಸ ಸಿಕ್ಕಿತು! ಮಹಡಿ ಕೋಣೆಯಲ್ಲೇ ಕೂತು ಮಾಡುವ ಕೆಲಸ. ಮೊದಲ ದಿನ ಬೆಳಿಗ್ಗೆ ಊಟದ ಡಬ್ಬಿಯ ಪಕ್ಕದಲ್ಲಿ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಯೊಂದಿತ್ತು.

"ಇದೇನು?"

"ನಿಮ್ಮ ಯಂತ್ರ. ಅಂಗಡಿಗೆ ತಗೊಂಡ್ಹೋಗಿ. ನನ್ನ ಕೆಲಸದ ಹೊತ್ತಲ್ಲಿ ನೀವಿಬ್ರೂ ಮನೇಲಿರೋದು ಬೇಡ."

ಒಳಗೊಳಗೇ ಖುಷಿಯಾಯಿತು. ಅಂಗಡಿಯಲ್ಲಿ ಇಂಟರ್ನೆಟ್ಟೂ ಇಲ್ಲ, ಅತ್ತೆಯೂ ಇಲ್ಲ! ತಕ್ಕಡಿಗಳನ್ನು ಸಾಲಾಗಿ ಜೋಡಿಸಿದ್ದ ಉದ್ದನೆಯ ಮೇಜಿನ ಅಡಿಯಲ್ಲೇ ಯಂತ್ರವನ್ನಿಟ್ಟು ಕಾಲು ತೂರಿಸಿ, ಕಣ್ಣು ಮುಚ್ಚಿದೆ. ಸ್ವರ್ಗ!

"ಯಜಮಾನ್ರೇ," ಎಂದಿತು ಗಿರಾಕಿಯ ದನಿ, "ತಟ್ಟೆ ಮೇಲೆ ಏನೂ ಇಲ್ಲ. ಆದ್ರೂ ಒಂದು ತಕ್ಕಡೀನೂ ಸೊನ್ನೆಗೆ ನಿಲ್ತಾ ಇಲ್ಲ. ಎಲ್ಲದರಲ್ಲೂ ಏನೋ ತೂಕ ಕುಣೀತಿದೆ. ಯಾರದ್ದು ಇದು?"

ಕಣ್ಣು ತೆರೆದು ನೋಡಿದೆ. ಮೇಜಿನುದ್ದಕ್ಕೂ ಕೆಂಪು ಅಂಕಿಗಳು ನನ್ನ ಪಾದದ ತಾಳಕ್ಕೆ ಕುಣಿಯುತ್ತಿದ್ದವು.

"ನನ್ನದೇ" ಎಂದು, ಮೆಲ್ಲಗೆ ಕಾಲೆತ್ತಿಕೊಂಡೆ.